ಗೇಟಿನ ಅಕ್ಕನ ಲೆಕ್ಕ: ಒಂದು ಮನೆಗೆ ಎಷ್ಟು ನಾಯಿ?

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪಶು ಆಸ್ಪತ್ರೆಯ ಹಿಂಬದಿಯ ಕಬ್ಬಿಣದ ಬಾಗಿಲನ್ನು ಅವರು ಅರ್ಧ ಮಾತ್ರ ತೆರೆಯುತ್ತಾರೆ. ಪೂರ್ತಿ ತಳ್ಳಿದರೆ ಅದು ಕಿರ್ರೆನ್ನುತ್ತದೆ. ಕಿರ್ರೆಂದರೆ ಒಳಗಿನ ಹದಿನಾಲ್ಕು ಗೂಡುಗಳಲ್ಲಿ ಯಾವುದಾದರೂ ಒಂದು ನಾಯಿ ಬೊಗಳುತ್ತದೆ, ಒಂದು ಬೊಗಳಿದ ಮೇಲೆ ಉಳಿದವುಗಳ ಬಾಯಿ ಕಟ್ಟುವವರಿಲ್ಲ. ಹಾಗಾಗಿ ಅಡ್ಡಡ್ಡಲಾಗಿ ನುಸುಳಿ ಒಳಗೆ ಬಂದು, ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಂಡು, ನೆಲಕ್ಕೆ ನಾಲ್ಕು ಬಕೆಟ್ ನೀರು ಸುರಿದು ಪೊರಕೆಯಿಂದ ಎಳೆಯುತ್ತಾರೆ. ಆಮೇಲೆ ತಟ್ಟೆಗಳ ಸರದಿ. ತಟ್ಟೆ ಇಟ್ಟು ಅವರು ಹೊರಟುಹೋಗುವುದಿಲ್ಲ. ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಒಂದೊಂದು ನಾಯಿಯೂ ತಿನ್ನುವುದನ್ನು ನೋಡುತ್ತಾರೆ.

"ತಟ್ಟೆ ಖಾಲಿ ಆಗಿದೆ ಅಂದ್ರೆ ನಾಯಿ ತಿಂದಿದೆ ಅಂತ ಅರ್ಥ ಅಲ್ಲ," ಎನ್ನುತ್ತಾರೆ. "ಚೆಲ್ಲಿರಬಹುದು. ಮೂಗಿನಲ್ಲಿ ಕಂಬಳಿ ಕೆಳಗೆ ತಳ್ಳಿರಬಹುದು. ಕೂತು ನೋಡಿದ್ರೇನೇ ಗೊತ್ತಾಗೋದು."

ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಸಹಾಯಕಿ'. ಊರಿನ ಬಾಯಲ್ಲಿ ಗೇಟಿನ ಅಕ್ಕ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಕೆಲಸಕ್ಕೆ ಸೇರಿದವರು, ಸೇರಿ ಅಷ್ಟೇ ವರ್ಷಗಳಾಗಿವೆ, ಬರುವ ತಿಂಗಳು ನಿವೃತ್ತಿ. ಅವರ ಕಾಲದಲ್ಲಿ ಹನ್ನೆರಡು ಮಂದಿ ಡಾಕ್ಟರುಗಳು ಬಂದು ಹೋಗಿದ್ದಾರೆ. ದಿನಕ್ಕೆ ಅರವತ್ತು ಎಪ್ಪತ್ತು ಪ್ರಾಣಿಗಳು ಬರುತ್ತವೆ. ಸೂಜಿ ಚುಚ್ಚುವವರು ಡಾಕ್ಟರು. ಚುಚ್ಚುವಾಗ ಹಿಡಿದುಕೊಳ್ಳುವವರು ಅಕ್ಕ. ಎಡ ಮುಂಗೈ ಮೇಲೆ ಏಳು ಗಾಯದ ಗುರುತುಗಳಿವೆ. ಕೇಳಿದರೆ ತೋಳು ತಿರುಗಿಸಿ ತೋರಿಸುತ್ತಾರೆ: "ಇದರಲ್ಲಿ ನಾಲ್ಕು ಬೆಕ್ಕಿಂದು, ಎರಡು ಗಿಳಿದು. ನಾಯಿದು ಒಂದೇ. ಜನ ಸುಮ್ನೆ ನಾಯಿ ಮೇಲೆ ಹಾಕ್ತಾರೆ."

ಆದರೆ ಜನ ಅಕ್ಕನನ್ನು ಹುಡುಕಿಕೊಂಡು ಬರುವುದು ಬೇರೆ ಕಾರಣಕ್ಕೆ. ಮನೆಯಲ್ಲಿ ಎಷ್ಟು ನಾಯಿ ಇಟ್ಟುಕೊಳ್ಳಬಹುದು ಎಂದು ಕೇಳಲು ಬರುತ್ತಾರೆ. ಇವತ್ತು ಒಂಬತ್ತರ ಹೊತ್ತಿಗೆ ಒಂದು ಜೋಡಿ ಬಂದಿದೆ. ಮನೆಯಲ್ಲಿ ಆಗಲೇ ಒಂದಿದೆ, ಹಿತ್ತಲು ದೊಡ್ಡದು, ಇನ್ನೆರಡು ತರೋಣವೆಂದು ಆಸೆ. ಅಕ್ಕ ಹಿತ್ತಲಿನ ವಿಚಾರವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

"ಈಗಿರೋದು ಯಾವ ಮಗ್ಗುಲಿಗೆ ಮಲಗುತ್ತೆ?"

ಗಂಡ ಹೆಂಡತಿಯ ಮುಖ ನೋಡುತ್ತಾನೆ. ಹೆಂಡತಿ ಗಂಡನ ಮುಖ ನೋಡುತ್ತಾಳೆ.

"ನಿನ್ನೆ ನೀರು ಜಾಸ್ತಿ ಕುಡೀತಾ, ಕಮ್ಮಿ ಕುಡೀತಾ?"

"ಕುಡಿದಿರುತ್ತೆ ಅಕ್ಕ. ಬಟ್ಟಲು ಖಾಲಿ ಇತ್ತು," ಎನ್ನುತ್ತಾನೆ ಗಂಡ.

"ಒಂದು ವರ್ಷ ಇದನ್ನೇ ನೋಡ್ಕೊಳ್ಳಿ. ಆಮೇಲೆ ಬನ್ನಿ, ಮಾತಾಡೋಣ."

ಅವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಹಾಗೆಂದು ಅಕ್ಕ ಎಲ್ಲರಿಗೂ ಒಂದೇ ಎಂದು ಹೇಳುವವರಲ್ಲ. ಬೀದಿದೀಪ ರಿಪೇರಿ ಮಾಡುವ ಒಬ್ಬ ಒಂಟಿ ಮನುಷ್ಯನ ಮನೆಯಲ್ಲಿ ಐದು ನಾಯಿಗಳಿದ್ದವು. ಆರನೆಯದನ್ನು ಅಕ್ಕನೇ ಕೈಯಾರೆ ಕೊಟ್ಟು ಕಳಿಸಿದ್ದಾರೆ. "ಅವನಿಗೆ ಐದರ ಗೊರಕೆಯೂ ಬೇರೆ ಬೇರೆ ಗೊತ್ತು. ಕತ್ತಲಲ್ಲೇ ಯಾವುದು ಯಾವುದು ಅಂತ ಹೇಳ್ತಾನೆ. ಅವನಿಗೆ ಬೇಡ ಅನ್ನೋಕೆ ನಾನ್ಯಾರು?"

ಈ ಪ್ರಶ್ನೆಗಳನ್ನು ಅವರು ಯಾವ ತರಬೇತಿಯಲ್ಲೂ ಕಲಿಯಲಿಲ್ಲ, ಸ್ವಂತ ಮನೆಯಲ್ಲಿ ಕಲಿತರು. ಆ ಮನೆಯ ಮಾತು ಬಂದರೆ ಅಕ್ಕನ ಕೈಯಲ್ಲಿನ ಪೊರಕೆ ತಾನಾಗಿ ನಿಲ್ಲುತ್ತದೆ.

ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಟ್ಟೆ. ಗಂಡ ಲೇತ್ ಯಂತ್ರದ ಕೆಲಸಗಾರ. ಮಾವ ಗಡಿಯಾರ ರಿಪೇರಿಯವರು, ಅಂಗಡಿ ಮುಚ್ಚಿದ ಮೇಲೂ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದಿಲ್ಲೊಂದು ಗಡಿಯಾರ ಬಿಚ್ಚಿಕೊಂಡು ಕೂರುತ್ತಿದ್ದರು. ಜೊತೆಗೆ ಒಬ್ಬಳೇ ಮಗಳು. ಆಸ್ಪತ್ರೆಯ ಗೇಟಿಗೆ ಜನ ನಾಯಿ ಕಟ್ಟಿ ಕಣ್ಮರೆಯಾಗುವುದು ಆಗಲೂ ಇತ್ತು, ಈಗಲೂ ಇದೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ಹಾಗೆ ಕಟ್ಟಿಹೋದ ಒಂದು ಕುಂಟು ನಾಯಿಯನ್ನು ಅಕ್ಕ ಮನೆಗೆ ತಂದರು. ಗಂಡ ಮೂಗು ಮುರಿದರು. ವಾರ ಕಳೆಯುವುದರೊಳಗೆ ಅದು ಅವರ ಕಾಲ ಬುಡದಲ್ಲೇ ಮಲಗತೊಡಗಿತ್ತು.

ಆಮೇಲೆ ಒಂದರ ಹಿಂದೊಂದು ಬಂದವು. ಪ್ರತಿ ಸಲವೂ "ಇದೊಂದೇ, ಇದೇ ಕೊನೇದು" ಎಂಬ ಮಾತು. ಹನ್ನೊಂದು ವರ್ಷದಲ್ಲಿ ಮನೆಯಲ್ಲಿ ಒಂಬತ್ತು ನಾಯಿಗಳಾದವು. ಸದಾ ವಾದ ಮಾಡುವುದಕ್ಕೆ ಲಾಯರ್, ಕಣ್ಣು ಸಣ್ಣಗಿದ್ದದ್ದಕ್ಕೆ ಬಟನ್, ಒಲೆಯ ಪಕ್ಕ ಬಿಟ್ಟು ಏಳದಿದ್ದದ್ದಕ್ಕೆ ಬೂದಿ. ಎಲ್ಲಕ್ಕೂ ಹೆಸರಿಟ್ಟವರು ಮಾವ. ಸಂಜೆ ಗಂಡನ ಸ್ಕೂಟರು ಬೀದಿಯ ತಿರುವಿನಲ್ಲಿ ಗುಡುಗುತ್ತಿದ್ದಂತೆ ನಾಯಿಗಳ ಹಿಂಡೇ ಬಾಗಿಲಿಗೆ ಓಡುತ್ತಿತ್ತು. ಮೇಜು ಅಲುಗಿ ಮಾವನ ಗಡಿಯಾರದ ಸ್ಕ್ರೂಗಳೆಲ್ಲ ನೆಲಕ್ಕೆ ಬೀಳುತ್ತಿದ್ದವು. ಮಾವ ಬೈಯುತ್ತ, ಮಗಳು ನಗುತ್ತ, ಇಬ್ಬರೂ ಮಂಡಿಯೂರಿ ಹುಡುಕುತ್ತಿದ್ದರು. ಚಳಿಗಾಲದಲ್ಲಿ ಮನೆಯವರಿಗೆ ಹೆಚ್ಚಿನ ಹೊದಿಕೆಯೇ ಬೇಕಿರಲಿಲ್ಲ. ಯಾರೇ ಕಾಲು ಚಾಚಿದರೂ ಬೆಚ್ಚಗಿನ ಒಂದು ಬೆನ್ನು ತಾಗುತ್ತಿತ್ತು.

"ಅಷ್ಟು ಗದ್ದಲ, ಅಷ್ಟು ನಗು ಆ ಮನೇಲಿ ಮತ್ತೆ ಯಾವತ್ತೂ ಆಗ್ಲಿಲ್ಲ," ಎನ್ನುತ್ತಾರೆ ಅಕ್ಕ. "ನಾನು ದೊಡ್ಡ ಕೆಲಸ ಮಾಡ್ತಿದೀನಿ ಅಂತ ಬೇರೆ ಅಂದ್ಕೊಂಡಿದ್ದೆ."

ಆ ಒಂಬತ್ತರಲ್ಲಿ ಸುಮ್ಮಿ ಎಂಬುದೊಂದಿತ್ತು. ಸುಮ್ಮನೆ ಇರುತ್ತಿದ್ದದ್ದರಿಂದ ಸುಮ್ಮಿ. ಬೊಗಳುತ್ತಿರಲಿಲ್ಲ, ಮುಂದೆ ನುಗ್ಗುತ್ತಿರಲಿಲ್ಲ. ಬಟ್ಟೆ ಒಗೆಯುವ ಕಟ್ಟೆಯ ಕೆಳಗೆ ಅದರ ಜಾಗ. ಒಂದು ದಿನ ಬೆಳಿಗ್ಗೆ ಬಟ್ಟೆ ನೆನೆಸಲು ಹೋದ ಅಕ್ಕ ಕರೆದರೂ ಅದು ಏಳಲಿಲ್ಲ. ಎತ್ತಿಕೊಂಡರು. ಕೈಗೆ ಭಾರವೇ ಸಿಗಲಿಲ್ಲ, ದಟ್ಟ ಕೂದಲಿನ ಅಡಿಯಲ್ಲಿ ಬರೀ ಮೂಳೆ. ಆಸ್ಪತ್ರೆಗೆ ಹೊತ್ತು ಓಡಿದರು. ಆಗಿನ ಡಾಕ್ಟರು ಬಾಯಿ ತೆರೆದು ನೋಡಿದರು. ದವಡೆಯಲ್ಲಿ ಹುಣ್ಣಾಗಿ, ಅದು ಕೀವಾಗಿ, ಗಂಟಲವರೆಗೆ ಇಳಿದಿತ್ತು. ಹದಿನೈದು ದಿನವಾದರೂ ಆಗಿರಬೇಕು, ಸರಿಯಾಗಿ ತಿಂದಿಲ್ಲ ಎಂದರು. ಮೊದಲೇ ತಂದಿದ್ದರೆ ಒಂದು ಹಲ್ಲು ಕಿತ್ತು ಮುಗಿಯುತ್ತಿತ್ತು ಎಂದೂ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಸುಮ್ಮಿ ಹೋಯಿತು.

"ದಿನಾ ಒಂಬತ್ತು ತಟ್ಟೆ ಇಡ್ತಿದ್ದೆ, ಒಂಬತ್ತೂ ಖಾಲಿ ಆಗ್ತಿತ್ತು. ಅದರ ಪಾಲನ್ನ ಬೇರೆಯವು ತಿಂದ್ಬಿಡ್ತಿದ್ವು," ಎಂದು ಅಕ್ಕ ಮೆಲ್ಲಗೆ ಹೇಳುತ್ತಾರೆ. "ಆಸ್ಪತ್ರೇಲಿ ಇರೋಳು ನಾನು. ಊರ ನಾಯಿ ಬಾಯಿ ಎಲ್ಲಾ ತೆರೆದು ಹಿಡಿಯೋಳು. ನನ್ನ ಮನೆ ನಾಯಿ ಬಾಯಿ ನೋಡ್ಲಿಲ್ಲ."

ನಾಲ್ಕನೆಯ ದಿನ ಮಾವ ಎಲ್ಲರನ್ನೂ ಕೂರಿಸಿದರು. ಇನ್ನು ಮುಂದೆ ಈ ಮನೆಯಲ್ಲಿ ಎಷ್ಟು ನಾಯಿ ಎಂದು ಇವತ್ತೇ ತೀರ್ಮಾನವಾಗಬೇಕು ಎಂದರು. ಗಂಡ ಎರಡು ಎಂದರು. ಹನ್ನೆರಡು ವರ್ಷದ ಮಗಳು, ಇರುವ ಎಂಟರಲ್ಲಿ ಒಂದನ್ನು ಕಳಿಸಿದರೂ ನಾನು ಅದರ ಹಿಂದೆಯೇ ಹೋಗುತ್ತೇನೆ ಎಂದಳು. ಆಗ ಮಾವ ನಾಯಿಗಳನ್ನೆಲ್ಲ ಹಿತ್ತಲಿಗೆ ಅಟ್ಟಿ, ಒಂದು ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ ಇಟ್ಟರು. ಒಬ್ಬೊಬ್ಬರೂ ಅದರಲ್ಲಿ ಕುಳಿತು ಹೇಳಬೇಕು: ಇವತ್ತು ಬೆಳಿಗ್ಗೆ ಯಾವ ನಾಯಿ ಎಷ್ಟು ತಿಂತು, ಎಲ್ಲಿ ಮಲಗಿತ್ತು, ನಡೆಯುವಾಗ ಯಾವ ಕಾಲು ಎಳೆಯುತ್ತಿತ್ತು.

ಅಕ್ಕ ಐದು ನಾಯಿಗಳ ವಿಷಯ ಹೇಳಿ ಆರನೆಯದಕ್ಕೆ ತಡವರಿಸಿದರು. ಗಂಡ ನಾಲ್ಕಕ್ಕೆ ನಿಂತರು. ಎಲ್ಲವನ್ನೂ ಅಪ್ಪಿ ಮುದ್ದಾಡುತ್ತಿದ್ದ ಮಗಳಿಗೆ ಸರಿಯಾಗಿ ಗೊತ್ತಿದ್ದದ್ದು ಮೂರರ ವಿಷಯ ಮಾತ್ರ.

"ಹಾಗಾದ್ರೆ ಮೂರು," ಎಂದರು ಮಾವ.

"ಅಪ್ಪ, ಎಲ್ಲಾ ಸೇರಿಸಿದ್ರೆ ಎಂಟೂ ಆಗುತ್ತಲ್ಲ. ಇವಳು ನೋಡದ್ದನ್ನ ನಾನು ನೋಡ್ತೀನಿ," ಎಂದರು ಗಂಡ.

"ಬೇರೆಯವರು ನೋಡಿರ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ದಕ್ಕೇ ಸುಮ್ಮಿ ಹೋಗಿದ್ದು. ಎಲ್ಲರಿಗಿಂತ ಕಮ್ಮಿ ಹೇಳಿದ್ದು ಯಾರೋ, ಅದೇ ಮನೆಯ ಲೆಕ್ಕ. ನನ್ನದನ್ನ ಕೇಳಬೇಡಿ, ನಾನು ಇನ್ನೆಷ್ಟು ದಿನ ಇರೋನು?"

ಇರುವ ಎಂಟನ್ನು ಎಲ್ಲಿಗೂ ಕಳಿಸುವುದಿಲ್ಲ, ಆದರೆ ಮೂರಕ್ಕೆ ಇಳಿಯುವವರೆಗೆ ಹೊಸದೊಂದನ್ನೂ ಒಳಗೆ ತರುವುದಿಲ್ಲ ಎಂದಾಯಿತು. ಹೇಳುವಾಗ ಸುಲಭವಾಗಿತ್ತು. ಮೂರನೇ ವಾರ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಬಂದಾಗ ಗೇಟಿನ ಬುಡದಲ್ಲಿ ಹಣ್ಣಿನ ಪೆಟ್ಟಿಗೆಯೊಳಗೆ ಒಂದು ತಾಯಿನಾಯಿ, ಅದರ ಮೊಲೆಗೆ ಅಂಟಿಕೊಂಡ ಒಂದೇ ಮರಿ. "ಕೈ ತಾನಾಗಿ ಮುಂದೆ ಹೋಯ್ತು. ಹಿಂದಕ್ಕೆ ಎಳ್ಕೊಂಡೆ. ಆವತ್ತು ಮಧ್ಯಾಹ್ನ ಊಟ ಸೇರ್ಲಿಲ್ಲ." ಅವೆರಡನ್ನು ಖಾಲಿ ಗೂಡಿನಲ್ಲಿಟ್ಟು, ಆಸ್ಪತ್ರೆಗೆ ಬಂದವರನ್ನೆಲ್ಲ ಕೇಳತೊಡಗಿದರು. ಒಂಬತ್ತು ದಿನವಾದ ಮೇಲೆ ಒಬ್ಬ ದರ್ಜಿ ಎರಡನ್ನೂ ಒಯ್ಯಲು ಒಪ್ಪಿದ. ಅಕ್ಕ ಅವನನ್ನು ಹಾಗೇ ಬಿಡಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ದಿನವಿಡೀ ಮನೆಯಲ್ಲಿರುವವರು ಯಾರು, ಅವು ತಿನ್ನುವಾಗ ಪಕ್ಕದಲ್ಲಿ ಕೂರುವವರು ಯಾರು ಎಂದೆಲ್ಲ ಕೆದಕಿದರು. ಅವನು ತಲೆ ಕೆರೆದುಕೊಳ್ಳುತ್ತ, "ಹೆಣ್ಣು ಕೊಡುವಾಗ್ಲೂ ನನ್ನ ಇಷ್ಟು ಕೇಳಿರ್ಲಿಲ್ಲ ಅಕ್ಕ," ಎಂದನಂತೆ.

ಹೀಗೆ ಶುರುವಾದ ಕೆಲಸ ಇದು. ಯಾರೂ ವಹಿಸಿದ್ದಲ್ಲ, ಯಾವ ಕಡತದಲ್ಲೂ ಇಲ್ಲ. ಕಳೆದ ವರ್ಷ ಒಬ್ಬ ಡಾಕ್ಟರು ಹಳೆಯ ಪುಸ್ತಕಗಳನ್ನು ತಿರುವಿ ಹಾಕಿ ಎಣಿಸಿದಾಗ, ಗೇಟಿನಲ್ಲಿ ಬಿಟ್ಟುಹೋದ ನಾನೂರ ಹನ್ನೆರಡು ನಾಯಿಗಳು ಅಕ್ಕನ ಮೂಲಕ ಮನೆ ಸೇರಿದ್ದವು. ಆ ಸಂಖ್ಯೆ ಕೇಳಿ ಅಕ್ಕ, "ಅಷ್ಟು ಜನರನ್ನ ಕಾಡಿದೀನಾ," ಎಂದಷ್ಟೇ ಹೇಳಿದರು.

ಎಂಟು ಮೂರಾಗಲು ಏಳು ವರ್ಷ ಹಿಡಿಯಿತು. ಒಂದೊಂದು ಹೋದಾಗಲೂ ಮನೆಯ ಒಂದು ಸದ್ದು ಕಡಿಮೆಯಾಯಿತು. ಬೂದಿ ಹೋದ ಮೇಲೆ ಒಲೆಯ ಪಕ್ಕ ಕಾಲಿಗೆ ಏನೂ ತೊಡರುತ್ತಿರಲಿಲ್ಲ, ಆದರೂ ಅಕ್ಕ ಎಷ್ಟೋ ದಿನ ಅಲ್ಲಿ ಕಾಲೆತ್ತಿ ದಾಟಿಯೇ ಹೋಗುತ್ತಿದ್ದರು. ಎರಡನೇ ವರ್ಷ ಮಾವ ತೀರಿಕೊಂಡರು. ಲಾಯರ್ ಹೋದ ವಾರ ಗಂಡ ಬೀದಿಯ ತಿರುವಿನಲ್ಲೇ ಸ್ಕೂಟರ್ ನಿಲ್ಲಿಸಿ ತಳ್ಳಿಕೊಂಡು ಬಂದರು. ಸದ್ದು ಮಾಡಿಕೊಂಡು ಬಂದರೆ ಮೊದಲಿನಂತೆ ವಾದಕ್ಕೆ ನಿಲ್ಲುವವರಿಲ್ಲವಲ್ಲ ಎಂದರಂತೆ.

"ಆ ಒಂಬತ್ತರ ಮನೆ ಮತ್ತೆ ಬೇಕಾ ಅಂತ ಕೇಳಿದ್ರೆ ಬೇಕು ಅಂತೀನಿ. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ ಅಕ್ಕ. "ತಪ್ಪು ಅಂತಾನೂ ಗೊತ್ತು. ಎರಡೂ ಒಟ್ಟಿಗೇ ಗೊತ್ತಿದ್ರೆ ಏನು ಮಾಡೋದು ಹೇಳಿ."

ಅಲ್ಲಿಂದೀಚೆಗೆ ಹನ್ನೊಂದು ವರ್ಷ ಮನೆಯಲ್ಲಿ ಮೂರೇ. ಈ ವರ್ಷದ ಮೊದಲಲ್ಲಿ ಒಂದು ಹೋಗಿ ಎರಡು ಉಳಿದವು. ಜಾಗ ಖಾಲಿಯಿದೆ ಎಂಬ ಸುದ್ದಿ ಆಸ್ಪತ್ರೆಯಲ್ಲೆಲ್ಲ ಹಬ್ಬಿತು. ಹೊಸ ಡಾಕ್ಟರು ಒಂದು ಬಿಳಿ ಮರಿಯನ್ನು ಕೋಟಿನೊಳಗೆ ಅಡಗಿಸಿ ತಂದು ಅಕ್ಕನ ಮಡಿಲಿಗೆ ಹಾಕಿದರು. ಈಗ ಬಸ್ ಚಾಲಕಿಯಾಗಿರುವ ಮಗಳು ಅದಕ್ಕೊಂದು ಹೆಸರನ್ನೂ ಯೋಚಿಸಿಟ್ಟಳು. ಅಕ್ಕ ಮರಿಯ ಕಿವಿ ಸವರಿ, ಹಲ್ಲು ನೋಡಿ, ವಾಪಸ್ ಕೊಟ್ಟರು. "ಇದು ಹದಿನೈದು ವರ್ಷ ಬಾಳುತ್ತೆ. ಆಗ ನನಗೆ ಎಪ್ಪತ್ಮೂರು. ಮರಿಗೆ ಯಾರಾದ್ರೂ ಸಿಕ್ತಾರೆ." ನಾಲ್ಕೇ ದಿನದಲ್ಲಿ ಸಿಕ್ಕಿದರು ಕೂಡ.

ಹೋದ ಮಂಗಳವಾರ ಕನ್ನಡಕದ ಅಂಗಡಿಯ ಒಬ್ಬ ಹಿರಿಯರು ಬಂದರು. ಜೊತೆಗೆ ಹನ್ನೆರಡು ವರ್ಷದ ನಾಯಿ. ಮೂತಿ ಬೆಳ್ಳಗಾಗಿದೆ, ಹಿಂಗಾಲುಗಳು ಮರಗಟ್ಟಿವೆ. ಹಿರಿಯರಿಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದಾರೆ, ತಂಗಿಯ ಮನೆಗೆ ಹೋಗುವವರಿದ್ದಾರೆ. ಅದು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ನಾಯಿಗೆ ಮೆಟ್ಟಿಲು ಹತ್ತಲಾಗದು, ಅವರಿಗೆ ಹೊರಲಾಗದು. ಇಷ್ಟು ಮುದಿ ನಾಯಿಯನ್ನು ಯಾರು ತಾನೆ ತೆಗೆದುಕೊಳ್ಳುತ್ತಾರೆ, ಬೀದಿಗೆ ಬೀಳುವ ಬದಲು ನೋವಿಲ್ಲದಂತೆ ಒಂದು ಸೂಜಿ ಹಾಕಿಬಿಡಿ ಎಂದು ಕೇಳಲು ಬಂದಿದ್ದರು. ಡಾಕ್ಟರು ಅಕ್ಕನತ್ತ ನೋಡಿದರು.

ಅಕ್ಕ ಬಗ್ಗಿ ನಾಯಿಯ ಕತ್ತಿನ ಕೆಳಗೆ ಕೈಯಿಟ್ಟು ಕೇಳಿದರು: "ಇದು ಹೇಗೆ ತಿನ್ನುತ್ತೆ?"

ಹಿರಿಯರು ಹೇಳತೊಡಗಿದರು. ಎಡಗಡೆಯ ಹಲ್ಲಿನಲ್ಲಿ ಮಾತ್ರ ಅಗಿಯುತ್ತದೆ. ಅನ್ನ ಬಿಸಿಯಿದ್ದರೆ ದೂರ ಕೂತು ಕಾಯುತ್ತದೆ. ನೀರು ಕುಡಿದ ಮೇಲೆ ಒಂದು ಸಲ ಕೆಮ್ಮುತ್ತದೆ, ಎರಡು ಸಲ ಕೆಮ್ಮಿದರೆ ಮಾತ್ರ ಗಾಬರಿಪಡಬೇಕು. ಬಾಗಿಲಿಗೆ ಬೆನ್ನು ಹಾಕಿ ಮಲಗುವುದಿಲ್ಲ. ಗುಡುಗಿದರೆ ಹೆದರುವುದಿಲ್ಲ, ಪೇಪರ್ ಹರಿದರೆ ಹೆದರುತ್ತದೆ. ಹೇಳುತ್ತ ಹೇಳುತ್ತ ಅರ್ಧ ಗಂಟೆಯಾಯಿತು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ಮನೆ ನೆಲ ಮಟ್ಟದಲ್ಲೇ ಇದೆ. ಒಂದೇ ಮೆಟ್ಟಿಲು," ಎಂದರು ಅಕ್ಕ. "ಭಾನುವಾರ ಬಂದು ನೋಡ್ಕೊಂಡು ಹೋಗಿ. ಮರೆತಿದ್ದು ಏನಾದ್ರೂ ಇದ್ರೆ ಆವಾಗ ಹೇಳಿ."

ಡಾಕ್ಟರು ಪಕ್ಕಕ್ಕೆ ಕರೆದು, ಹೆಚ್ಚೆಂದರೆ ಒಂದು ವರ್ಷ, ಗೊತ್ತಲ್ಲ ಎಂದರು. ಅಕ್ಕ ಗೊತ್ತು ಎಂದು ತಲೆಯಾಡಿಸಿದರು. ಸಂಜೆ ಮನೆಯಲ್ಲಿ ಗಂಡ ಹೊಸ ನಾಯಿಯನ್ನೂ ಹೆಂಡತಿಯನ್ನೂ ಒಂದು ಕ್ಷಣ ನೋಡಿ, "ಮೂರಾಯ್ತು," ಎಂದು ಚಾಪೆ ತರಲು ಒಳಗೆ ಹೋದರು.

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಬರುವಾಗ ಅಕ್ಕನ ಕೆಲಸದ ಹೊತ್ತು ಮುಗಿದಿದೆ. ರಬ್ಬರ್ ಬೂಟು ಕಳಚಿ, ಪಾದದ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಾರೆ.

"ಇಷ್ಟು ವರ್ಷ ನಾಯಿಗಳ ಹಿಂದೆ ಓಡಿದ್ದೇ ಓಡಿದ್ದು," ಎನ್ನುತ್ತಾರೆ. "ಹೊಸದಾಗಿ ಬಂದಿರೋ ಈ ಮುದುಕನಿಗೆ ಬೀದಿ ಕೊನೆವರೆಗೂ ಹೋಗಿ ಬರೋಕೆ ಮುಕ್ಕಾಲು ಗಂಟೆ ಬೇಕು. ಸಂಜೆ ಹೊತ್ತು ಅದರ ಪಕ್ಕ ನಿಧಾನಕ್ಕೆ ನಡೀಬೇಕು ಅಂತಿದೆ."