ಗುಮ್ಮಣ್ಣ ನುಡಿಸಿದ ಕಡೆಯ ಭಾನುವಾರ

ಹಾಡುವವಳನ್ನು ಎಲ್ಲರೂ ನೋಡುತ್ತಾರೆ. ಡ್ರಮ್ ಬಾರಿಸುವವನನ್ನು ಮಕ್ಕಳಾದರೂ ನೋಡುತ್ತಾರೆ. ಮೂಲೆಯಲ್ಲಿ ಬೇಸ್ ಗಿಟಾರ್ ಹಿಡಿದು ನಿಂತವನನ್ನು ಯಾರು ನೋಡುತ್ತಾರೆ ಹೇಳಿ? ಅವನ ಕೈಯಲ್ಲಿರುವುದು ನಾಲ್ಕೇ ತಂತಿ, ಅವೂ ದಪ್ಪ ದಪ್ಪ. ಅವನು ನುಡಿಸಿದ್ದು ಕಿವಿಗಿಂತ ಮುಂಚೆ ಹೊಟ್ಟೆಗೆ ತಗಲುತ್ತದೆ. ಪಬ್ಬಿಗೆ ಬಂದ ಮಹಾಶಯರು ಅದೇ ಸದ್ದಿಗೆ ಕಾಲು ಕುಣಿಸುತ್ತಾ ಕೂತಿರುತ್ತಾರೆ, ಹೊಗಳುವುದು ಮಾತ್ರ ಹಾಡಿದವಳನ್ನು. ಅಡಿಗೆಗೆ ಉಪ್ಪು ಹಾಕಿದವರ ಪಾಡೇ ಅಷ್ಟು. ಇದ್ದರೆ ಸುದ್ದಿಯಿಲ್ಲ, ತಪ್ಪಿದರೆ ಬೈಗುಳ.

ಗುಮ್ಮಣ್ಣನಿಗೆ ಇದರ ಬಗ್ಗೆ ಒಂದಿಷ್ಟೂ ಬೇಜಾರಿರಲಿಲ್ಲ. ಅವನ ನಿಜವಾದ ಹೆಸರು ಬೇರೆಯೇ ಇತ್ತು. ಗುಂ ಗುಂ ಅಂತ ನುಡಿಸುತ್ತಾನೆ ಅಂತ ಡ್ರಮ್ಮಿನವನು ಇಟ್ಟ ಅಡ್ಡಹೆಸರು ನಿಂತುಹೋಯಿತು. ಹಗಲೆಲ್ಲ ಅವನದು ಫ್ರಿಜ್ ರಿಪೇರಿ. ಮನೆ ಮನೆಗೆ ಹೋಗಿ, ಫ್ರಿಜ್ಜನ್ನು ಗೋಡೆಯಿಂದ ಈಚೆಗೆಳೆದು, ಹಿಂದಿನ ಕಂಪ್ರೆಸರ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮನೆಯವರಿಗೆ ಇವನೇನು ಪ್ರಾರ್ಥನೆ ಮಾಡುತ್ತಿದ್ದಾನಾ ಅಂತ ಅನುಮಾನ. ಬೇಸ್ ಗಿಟಾರ್ ಅವನ ಕೈಗೆ ಬಂದದ್ದೂ ಆಸೆಯಿಂದಲ್ಲ. ಹರೆಯದಲ್ಲಿ ಗೆಳೆಯರೆಲ್ಲ ಸೇರಿ ಬ್ಯಾಂಡ್ ಕಟ್ಟಿದಾಗ ಎಲ್ಲರೂ ಗಿಟಾರಿನವರೇ. ಯಾರಾದರೊಬ್ಬರು ಕೆಳಗಿನ ಸ್ವರ ಹಿಡಿಯಬೇಕಲ್ಲ, ಹೆಚ್ಚು ಮಾತಾಡದವನ ತಲೆಗೆ ಕಟ್ಟಿದರು. ಇವನು ಹೂಂ ಅಂದ. ಆಮೇಲೆ ಬಿಡಲಿಲ್ಲ.

ಬ್ಯಾಂಡಿನಲ್ಲಿ ಕಡೆಗೆ ಉಳಿದವರು ನಾಲ್ವರು. ಹಾಡುವವಳನ್ನು ಚಿಕ್ಕವರು ದೊಡ್ಡವರು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಕೀಬೋರ್ಡಿನವನು ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಮೇಷ್ಟ್ರು. ಡ್ರಮ್ಮಿನವನು ಡಬ್ಬ, ಗುಮ್ಮಣ್ಣನ ಬಾಲ್ಯದ ಗೆಳೆಯ, ಬಾಯಿ ತೆರೆದರೆ ಗೇಲಿ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಪಬ್ಬಿನಲ್ಲಿ ಇವರ ಹಾಡು ಖಾಯಂ ಆಗಿತ್ತು. ಟಾಯ್ಲೆಟ್ಟಿನ ಬಾಗಿಲಿಗೂ ಬಿಯರ್ ಪೆಟ್ಟಿಗೆಗಳ ಸಾಲಿಗೂ ನಡುವೆ ಹಲಗೆ ಜೋಡಿಸಿ ಮಾಡಿದ ಒಂದು ಗೇಣೆತ್ತರದ ವೇದಿಕೆ. ಒಳಕ್ಕೆ ಹೋಗುವವರೆಲ್ಲ ಗುಮ್ಮಣ್ಣನ ಮೊಣಕೈಗೆ ತಗುಲಿಯೇ ಹೋಗಬೇಕು. "ಸಾರಿ" ಅಂತ ಅನ್ನದವರೇ ಜಾಸ್ತಿ.

ಅವನ ಹಿಂದೆ ಅವನ ಪೆಟ್ಟಿಗೆ ಇರುತ್ತಿತ್ತು. ಪ್ಲೈವುಡ್ ಕೊಯ್ದು, ದೊಡ್ಡ ಸ್ಪೀಕರ್ ಕೂರಿಸಿ ಅವನೇ ಮಾಡಿದ್ದು. ಒಂದು ತುದಿ ಅವನು, ಇನ್ನೊಂದು ತುದಿ ಡಬ್ಬ ಹಿಡಿದು ಮೆಟ್ಟಿಲು ಹತ್ತಿಸುವಾಗ ಡಬ್ಬ ಪ್ರತಿಸಲವೂ, "ಲೋ, ಹೆಣ ಹೊರೋಕೂ ನಾಲ್ಕು ಜನ ಬರ್ತಾರೆ ಕಣೋ, ನಿನ್ನ ಪೆಟ್ಟಿಗೆಗೆ ನಾನೊಬ್ಬನೇನಾ?" ಅಂತ ಬೈಯುತ್ತಿದ್ದ. ಗುಮ್ಮಣ್ಣ ಆ ಪೆಟ್ಟಿಗೆಗೆ ಮೀನಖಂಡ ಒತ್ತಿಕೊಂಡು ನಿಂತು ನುಡಿಸುತ್ತಿದ್ದ. ಸ್ವರ ಕಾಲಿನಿಂದ ಹತ್ತಿ ಬೆನ್ನಿಗೆ ಬರಬೇಕು, ಹಾಗೆ ಬಂದರೇ ಅವನಿಗೆ ಸಮಾಧಾನ.

ಐವತ್ತು ದಾಟಿದ ಮೇಲೆ ಅವನ ಕಿವಿಗೆ ಏನೋ ಆಯಿತು. ಆಗಾಗ ತಲೆ ಗಿರ್ರ್ ಅನ್ನುವುದು, ಕಿವಿಯೊಳಗೆ ಹತ್ತಿ ತುರುಕಿದ ಹಾಗೆ ಆಗುವುದು. ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು, "ಎಲ್ಲರಿಗೂ ಮೇಲಿನ ಸದ್ದು ಮೊದಲು ಹೋಗತ್ತೆ. ನಿಮ್ಮದು ಒಳಗಿವಿಯ ಕಾಯಿಲೆ, ಕೆಳಗಿನ ದಪ್ಪ ಸದ್ದು ಹೋಗ್ತಾ ಇದೆ. ಈ ಗಲಾಟೆ ಬಿಟ್ಟರೆ ಉಳಿದಿದ್ದಾದರೂ ಉಳೀಬಹುದು." ಎಂಥ ಅನ್ಯಾಯ ನೋಡಿ! ಚಮಚ ಬಿದ್ದರೆ ಕೇಳುತ್ತಿತ್ತು, ಪಕ್ಕದ ಮನೆಯ ಕೂಸಿನ ಅಳು ಕೇಳುತ್ತಿತ್ತು. ಜೀವಮಾನವೆಲ್ಲ ಕೈಯಾರೆ ಹುಟ್ಟಿಸಿದ ಸದ್ದೊಂದೇ ಅವನನ್ನು ಬಿಟ್ಟು ಹೋಗುತ್ತಿತ್ತು.

ಹೆಂಡತಿಗೆ ಹೇಳಿದ. ಬ್ಯಾಂಡಿನವರಿಗೆ ಹೇಳಲಿಲ್ಲ. ಮಾತು ಚೆನ್ನಾಗಿಯೇ ಕೇಳುತ್ತಿತ್ತಲ್ಲ, ಯಾರಿಗೆ ಗೊತ್ತಾಗಬೇಕು? ತಂತಿ ಶ್ರುತಿ ಮಾಡಲು ದೀಪ ತೋರಿಸುವ ಪುಟ್ಟ ಯಂತ್ರವಿತ್ತು. ಬೆರಳಿಗೆ ಜಾಗ ಗೊತ್ತಿತ್ತು. ಮಿಕ್ಕಿದ್ದನ್ನು ಪೆಟ್ಟಿಗೆ ಕಾಲಿಗೆ ಹೇಳುತ್ತಿತ್ತು. ಹೇಗೋ ಗಾಡಿ ಓಡುತ್ತಿತ್ತು.

ಅಷ್ಟರಲ್ಲಿ ಪಬ್ಬಿನ ಯಜಮಾನ ಹೊಸ ರಾಗ ತೆಗೆದ. ಮಹಡಿಯ ಮೇಲೆ ಬಾಡಿಗೆಗಿರುವವರು ನೆಲ ನಡುಗುತ್ತದೆ ಅಂತ ದೂರು ಕೊಟ್ಟಿದ್ದರಂತೆ. "ಪೆಟ್ಟಿಗೆ ಗಿಟ್ಟಿಗೆ ಇನ್ಮೇಲೆ ಬೇಡಪ್ಪಾ. ಎಲ್ಲಾ ಮಿಕ್ಸರ್‌ಗೇ ಕೊಡಿ, ನನ್ನ ಸ್ಪೀಕರಲ್ಲೇ ಬರಲಿ," ಅಂದ. ಎಲ್ಲರ ಸದ್ದನ್ನೂ ಹದ ಮಾಡುವ ಆ ಮಿಕ್ಸರ್ ಇರುವುದು ಮೇಷ್ಟ್ರ ಮೊಣಕೈ ಹತ್ತಿರ, ತಿರುಗಿಸುವುದು ಅವರೇ. ಡಬ್ಬನಿಗೆ ಸೊಂಟ ಉಳಿಯಿತು ಅಂತ ಖುಷಿಯೋ ಖುಷಿ. ಗುಮ್ಮಣ್ಣನಿಗೆ ಮಾತ್ರ ಇದ್ದೊಂದು ಆಸರೆಯೂ ತಪ್ಪಿತು.

ಮೊದಲ ಭಾನುವಾರ ಅವನು ಬೂಟು ಬಿಚ್ಚಿ ಬರಿಗಾಲಲ್ಲಿ ಹಲಗೆಯ ಮೇಲೆ ನಿಂತ. ಯಜಮಾನನ ಸ್ಪೀಕರು ವೇದಿಕೆಯ ಅಂಚಿನಲ್ಲೇ ಇತ್ತು, ಸ್ವಲ್ಪ ಸ್ವಲ್ಪ ನಡುಕ ಅಂಗಾಲಿಗೆ ಬರುತ್ತಿತ್ತು. "ಇದೇನೋ ವೇಷ?" ಅಂದ ಡಬ್ಬ. "ಬೂಟಲ್ಲಿ ಈ ನೆಲ ಜಾರತ್ತೆ ಕಣೋ." "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ!" ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಅಂಗಾಲು ಏನೋ ನಡುಗುತ್ತಿದೆ ಅಂತ ಹೇಳುತ್ತದೆಯೇ ಹೊರತು ಯಾವ ಸ್ವರ ಅಂತ ಹೇಳುವುದಿಲ್ಲ.

ಅದರ ಫಲ ಬೇಗನೆ ಸಿಕ್ಕಿತು. ಒಂದು ಭಾನುವಾರ ಅಕ್ಕನಿಗೆ ಗಂಟಲು ಕಟ್ಟಿತ್ತು. ಗುಮ್ಮಣ್ಣ ವ್ಯಾನಿನಿಂದ ವೈರು ತರಲು ಹೋದಾಗ, "ಇವತ್ತು ಎಲ್ಲಾ ಅರ್ಧ ಸ್ವರ ಕೆಳಗೆ," ಅಂತ ಉಳಿದವರಿಗೆ ಹೇಳಿದಳು. ಇವನಿಗೆ ಯಾರೂ ಹೇಳಲಿಲ್ಲ. ಅದು ಅವರ ತಪ್ಪೂ ಅಲ್ಲ. ಅಷ್ಟು ವರ್ಷವೂ ಯಾರೂ ಅವನಿಗೆ ಹೇಳಿದ್ದೇ ಇಲ್ಲ. ಅಕ್ಕ ಎಲ್ಲಿಂದ ಎತ್ತಿದರೂ ಮೊದಲ ಸಾಲು ಮುಗಿಯುವಷ್ಟರಲ್ಲಿ ಗುಮ್ಮಣ್ಣನ ಬೆರಳು ಅದಕ್ಕೆ ತಕ್ಕ ಜಾಗಕ್ಕೆ ಜಾರಿ ಕೂತಿರುತ್ತಿತ್ತು. ಬೇಸಿನವನಿಗೆ ಹೇಳುವುದೇನಿದೆ, ಅವನು ಕೇಳಿಸಿಕೊಳ್ಳುತ್ತಾನೆ ಅನ್ನುವುದು ಬ್ಯಾಂಡಿನವರ ರೂಢಿ.

ಅವತ್ತು ಅವನು ಇಡೀ ಹಾಡನ್ನು ಹಳೆಯ ಜಾಗದಲ್ಲೇ ನುಡಿಸಿದ. ಅಕ್ಕ ಒಂದು ಕಡೆ, ಇವನು ಒಂದು ಕಡೆ. ಅಕ್ಕನ ಸ್ವರ ಕೇಳುತ್ತಿತ್ತು, ತನ್ನದು ಕೇಳದೆ ಎರಡೂ ಹೊಂದುತ್ತಿಲ್ಲ ಅಂತ ಇವನಿಗೆ ತಿಳಿಯಲಿಲ್ಲ. ಕೇಳುವವರಿಗೆ ಹಲ್ಲು ಜುಮ್ಮೆಂದಿರಬೇಕು. ಮುಂದಿನ ಮೇಜಿನವರು ಮುಖ ಕಿವುಚಿ ನಕ್ಕರು. ಡಬ್ಬನ ಹೂವಿನ ಅಂಗಿ ನೋಡಿ ನಗುತ್ತಿದ್ದಾರೆ ಅಂದುಕೊಂಡು ಇವನೂ ಅವರ ಕಡೆ ನೋಡಿ ಮುಗುಳ್ನಕ್ಕ. ಹಾಡು ಮುಗಿದ ಮೇಲೆ ಅಕ್ಕ ಹತ್ತಿರ ಬಂದು ಮೆಲ್ಲಗೆ, "ಅರ್ಧ ಸ್ವರ ಇಳಿಸಿದ್ವಿ ಕಣೋ, ಗೊತ್ತಾಗ್ಲಿಲ್ವಾ?" ಅಂದಳು. "ಏನೋ ಯೋಚನೇಲಿದ್ದೆ ಅಕ್ಕ," ಅಂದ. ಡಬ್ಬ ಗೇಲಿ ಮಾಡಲಿಲ್ಲ. ಅದೇ ಗುಮ್ಮಣ್ಣನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮನೆಗೆ ಹೋಗಿ ಊಟ ಬೇಡ ಅಂದ. ಹೆಂಡತಿ ಬಿಡುವವಳಾ? ಬಾಯಿ ಬಿಡಿಸಿದಳು. "ಡಾಕ್ಟರು ಹೇಳಿದ್ದನ್ನ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಜನರ ಮುಂದೆ ಮಾನಾನೂ ಹೋಯ್ತು. ಸಾಕು ಬಿಡ್ರೀ," ಅಂದಳು.

"ಬಿಟ್ರೆ ನಾನು ಯಾರು ಹೇಳು? ಫ್ರಿಜ್ ರಿಪೇರಿಯವನು ಅಷ್ಟೇ. ವಾರಕ್ಕೊಂದು ದಿನ ಆ ಮೂವರ ಜೊತೆ ನಿಂತಾಗ ಮಾತ್ರ ನಾನೂ ಏನೋ ಒಂದು ಅನ್ನಿಸತ್ತೆ ಕಣೇ."

ಅವಳು ಕಡೆಗೆ ಒಂದು ಒಪ್ಪಂದಕ್ಕೆ ಬಂದಳು. ಅವಳೇ ಬಂದು ಕೇಳುವುದು. ಸರಿಯಿದೆ ಅಂದರೆ ಅವನು ನುಡಿಸಲಿ, ಅವಳು ಮತ್ತೆ ತುಟಿ ಪಿಟಕ್ಕೆನ್ನುವುದಿಲ್ಲ. ಸರಿಯಿಲ್ಲ ಅಂದರೆ ಅವತ್ತೇ ಬಿಡಬೇಕು. "ನಿಮ್ಮ ಕಿವಿ ಹೋದ್ರೆ ಹೋಗ್ಲಿ, ನನ್ನ ಕಿವಿ ಇದೆಯಲ್ಲ," ಅಂದಳು. ಅವನು ತಲೆಯಾಡಿಸಿದ. ಸ್ವಲ್ಪ ದಿನ ಕೊಡು, ಹದ ಮಾಡಿಕೊಳ್ಳುತ್ತೇನೆ ಅಂತ ಕೇಳಿಕೊಂಡ.

ಆಮೇಲಿನ ಭಾನುವಾರಗಳು ಆಶ್ಚರ್ಯ ಅನ್ನುವಷ್ಟು ಚೆನ್ನಾಗಿ ಹೋದವು. ಯಾರೂ ಮುಖ ಕಿವುಚಲಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಅಂಗಾಲಿಗೆ ನಡುಕ ಮೊದಲಿಗಿಂತ ಚೆನ್ನಾಗಿ, ದುಂಡಗೆ ಬರುತ್ತಿತ್ತು. ಡಬ್ಬ ಬೆನ್ನು ತಟ್ಟಿ, "ಲೋ ಗುಮ್ಮ, ಬರಿಗಾಲ ಮಹಿಮೆ ಕಣೋ!" ಅಂದ. ಗುಮ್ಮಣ್ಣ ಮನೆಯಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಕೂತು ಒಂದೊಂದು ಹಾಡನ್ನೂ ಬೆರಳಿಗೆ ಬೊಬ್ಬೆ ಬರುವವರೆಗೆ ತಿದ್ದಿದ. ಕಡೆಗೆ ಧೈರ್ಯ ಮಾಡಿ, "ಈ ಭಾನುವಾರ ಬಾ," ಅಂತ ಹೆಂಡತಿಗೆ ಹೇಳಿದ.

ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದು ಮುಂದಿನ ಮೇಜಿನಲ್ಲೇ ಕೂತಳು. ನಿಂಬೆ ಷರಬತ್ತು ಮುಂದಿಟ್ಟುಕೊಂಡು, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ ಹಾಗೆ ಅವನನ್ನೇ ನೋಡುತ್ತಿದ್ದಳು. ಮೊದಲ ಹಾಡು ಮುಗಿಯಿತು, ಅವಳ ಹುಬ್ಬು ಸಡಿಲವಾಯಿತು. ಎರಡನೆಯದಕ್ಕೆ ತಲೆದೂಗಿದಳು. ಮೂರನೆಯದಕ್ಕೆ ಅವಳ ಕಾಲು ಮೇಜಿನ ಕೆಳಗೆ ತಾನಾಗಿ ತಾಳ ಹಾಕಲು ಶುರುಮಾಡಿತು. ಗೆದ್ದೆ ಅಂದುಕೊಂಡ ಅವನು.

ಆಗಲೇ ಅದು ಆದದ್ದು. ಗಿಟಾರನ್ನು ಹೆಗಲಿಗೆ ಹಿಡಿದಿಡುವ ಪಟ್ಟಿಯ ಗುಂಡಿ ಪಟಕ್ಕನೆ ಕಿತ್ತು ಬಂತು. ಗಿಟಾರು ಜಾರಿತು. ಅವನು ಎರಡೂ ಕೈಯಲ್ಲಿ ಅದನ್ನು ಬಾಚಿ ತಬ್ಬಿಕೊಂಡ. ಒಂದು ತಂತಿಯ ಮೇಲೂ ಬೆರಳಿಲ್ಲ. ಹಾಡು ನಡೆಯುತ್ತಲೇ ಇತ್ತು.

ಅಂಗಾಲಿನ ಕೆಳಗೆ ನೆಲವೂ ಗುಂಯ್‌ಗುಡುತ್ತಲೇ ಇತ್ತು.

ಡ್ರಮ್ಮಿರಬೇಕು ಅಂದುಕೊಂಡ. ಅಲ್ಲ. ಡ್ರಮ್ಮು ಗುದ್ದಿ ಸತ್ತುಹೋಗುತ್ತದೆ. ಇದು ನಿಲ್ಲುತ್ತಿತ್ತು, ನಿಂತು ಇನ್ನೊಂದಕ್ಕೆ ಸರಿಯುತ್ತಿತ್ತು, ಅವನ ಬೆರಳು ಸರಿಯಬೇಕಾದ ಹೊತ್ತಿಗೇ ಸರಿಯುತ್ತಿತ್ತು. ನಿಧಾನವಾಗಿ ತಿರುಗಿ ಮೇಷ್ಟ್ರನ್ನು ನೋಡಿದ. ಮೇಷ್ಟ್ರ ಬಲಗೈ ಎಂದಿನಂತೆ ಮೇಲೆ ಆಡುತ್ತಿತ್ತು. ಎಡಗೈ ಕೀಬೋರ್ಡಿನ ಕೆಳತುದಿಯಲ್ಲಿ ಒಂದೊಂದೇ ಮನೆ ಒತ್ತುತ್ತಾ, ಇವನ ದಾರಿಯನ್ನೇ ಇವನಿಗಿಂತ ಸರಿಯಾಗಿ ನಡೆಯುತ್ತಿತ್ತು. ಪಕ್ಕದಲ್ಲಿ ಮಿಕ್ಸರು. ಅದರಲ್ಲಿ ಇವನ ವೈರಿನ ಗುಂಡಿ ಪೂರಾ ಕೆಳಗೆ, ಸೊನ್ನೆಗೆ ತಿರುಗಿತ್ತು.

ಇವನು ನೋಡಿದ್ದನ್ನು ಮೇಷ್ಟ್ರು ನೋಡಿದರು. ಅವರ ಮುಖ ಸುಣ್ಣವಾಯಿತು, ಕಣ್ಣು ತುಂಬಿತು. ಆದರೆ ಎಡಗೈ ನಿಲ್ಲಲಿಲ್ಲ. ನಿಲ್ಲಿಸುವ ಹಾಗಿರಲಿಲ್ಲ, ನಿಂತರೆ ಹಾಡು ಕುಸಿಯುತ್ತದೆ. ಅವರು ಮಾಡಿದ್ದು ಸರಿಯೇ ಅಂತ ಆ ಗಳಿಗೆಯಲ್ಲೂ ಗುಮ್ಮಣ್ಣನಿಗೆ ಗೊತ್ತಿತ್ತು.

ಪಟ್ಟಿಯನ್ನು ಗಂಟು ಹಾಕಿ ಮತ್ತೆ ಹೆಗಲಿಗೇರಿಸಿಕೊಂಡು ತಂತಿಯ ಮೇಲೆ ಬೆರಳಿಟ್ಟ. ಕಣ್ಣೀರು ಬರುತ್ತದೇನೋ ಅಂತ ಹೆದರಿ ಮೇಲಿನ ದೀಪವನ್ನೇ ನೋಡುತ್ತಾ ನುಡಿಸಿದ.

ಮಧ್ಯದ ಬಿಡುವಿನಲ್ಲಿ ಹೆಂಡತಿ ಎದ್ದು ಬಂದಳು. ಅವಳ ಮುಖ ಅರಳಿತ್ತು. ಜನರಿದ್ದಾರೆ ಅನ್ನುವುದನ್ನೂ ನೋಡದೆ ಅವನ ಕೈ ಹಿಡಿದುಕೊಂಡಳು.

"ತಪ್ಪಾಯ್ತು ರೀ. ಸುಮ್ಮನೆ ನಿಮ್ಮನ್ನ ಹಂಗಿಸ್ಬಿಟ್ಟೆ. ಎಷ್ಟು ಚೆನ್ನಾಗಿ ನುಡಿಸ್ತೀರ! ಇಷ್ಟು ವರ್ಷ ಅಕ್ಕನ ಹಾಡು ಕೇಳ್ತಿದ್ದೆ, ಇವತ್ತು ನಿಮ್ಮದನ್ನೇ ಕೇಳಿದೆ. ನುಡಿಸಿ, ಕೈಲಾಗೋವರೆಗೂ ನುಡಿಸಿ. ನಾನು ಇನ್ನು ಬೇಡ ಅನ್ನಲ್ಲ."

ಅಲ್ಲೇ ಹಿಂದೆ ಮೇಷ್ಟ್ರು ನೀರಿನ ಲೋಟ ಹಿಡಿದು ಗೋಡೆ ನೋಡುತ್ತಾ ನಿಂತಿದ್ದರು. "ಹೌದೇನೇ?" ಅಂದ ಗುಮ್ಮಣ್ಣ, ಅಷ್ಟೇ.

ದ್ವಿತೀಯಾರ್ಧವನ್ನೂ ಅವನು ನುಡಿಸಿದ. ಯಾರಿಗೂ ಕೇಳದ ಆ ಸ್ವರಗಳನ್ನು ಒಂದನ್ನೂ ಬಿಡದೆ, ಒಂದನ್ನೂ ಅರ್ಧಕ್ಕೆ ಕೈಬಿಡದೆ ನುಡಿಸಿದ. ಹಾಡುಗಳೆಲ್ಲ ಮುಗಿದು ಡಬ್ಬ ಡ್ರಮ್ಮಿನ ಹಿತ್ತಾಳೆ ತಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಗುಮ್ಮಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಮುಂದಿನ ವಾರದಿಂದ ನಾನು ಬರಲ್ಲ ಕಣೋ."

ಡಬ್ಬನ ಕೈ ನಿಂತಿತು. "ಯಾವಾಗ ಗೊತ್ತಾಯ್ತು?" ಅಂತ ಕೇಳಿದ.

"ಈಗ."

"ಹೇಳೋಕೆ ಬಾಯಿ ಬರ್ಲಿಲ್ಲ ಗುಮ್ಮ. ಯಾರು ಹೇಳ್ಬೇಕು ಅಂತ ನಾವು ಮೂರೂ ಜನ ಜಗಳಾಡಿದ್ವಿ. ನೀನು ಬರದೇ ಇರೋದಕ್ಕಿಂತ, ಸುಮ್ಮನೆ ಬಂದು ನಿಂತಿದ್ರೂ ಸಾಕು ಅನ್ನಿಸ್ತು ಕಣೋ." ಅಷ್ಟು ಹೇಳಿ ಆ ಗಡಸು ಗಂಡಸು ಮಗುವಿನ ಹಾಗೆ ಅತ್ತುಬಿಟ್ಟ. ಗುಮ್ಮಣ್ಣ ಅವನ ಬೆನ್ನು ಸವರುತ್ತಾ ಕೂತ. "ನನ್ನ ಹೆಂಡ್ತಿಗೆ ಮಾತ್ರ ಹೇಳಬೇಡ್ರೋ," ಅಂದ.

ಮನೆಗೆ ಹೋಗುವಾಗ ಅವಳು ಕೇಳಿದಳು, "ಬಿಟ್ಟೆ ಅಂತೀರಲ್ಲ, ಯಾಕೆ? ನಾನೇ ಒಪ್ಪಿದೀನಲ್ಲ?" ಚೆನ್ನಾಗಿದ್ದಾಗಲೇ ಬಿಡಬೇಕು ಅನ್ನಿಸಿತು ಅಂದ. ಅವಳು ನಂಬಿದಳು. ನಂಬಿ, ಅವನ ಮೇಲೆ ಇಲ್ಲದ ಹೆಮ್ಮೆ ಬೆಳೆಸಿಕೊಂಡಳು.

ಈಗ ಮನೆಗೆ ಯಾರು ಬಂದರೂ, ತಂಗಿ ಬರಲಿ, ನಾದಿನಿ ಬರಲಿ, ಅವಳು ಆ ಭಾನುವಾರದ ಕಥೆ ಹೇಳದೆ ಕಳಿಸುವುದಿಲ್ಲ. ಪಟ್ಟಿ ಕಿತ್ತುಹೋದರೂ ಒಂದು ಸ್ವರ ತಪ್ಪಲಿಲ್ಲ ಕಣ್ರೇ, ಕೈಯಲ್ಲಿ ಗಿಟಾರು ತಬ್ಬಿಕೊಂಡೇ ನುಡಿಸಿದರು, ನಾನೇ ಕಣ್ಣಾರೆ ನೋಡಿದೆ, ಕಿವಿಯಾರೆ ಕೇಳಿದೆ ಅಂತಾಳೆ. ಅದು ಹೇಗೆ ಸಾಧ್ಯ ಅಂತ ಬಂದವರು ಅವನ ಕಡೆ ತಿರುಗುತ್ತಾರೆ. ಅವಳೂ ತಿರುಗುತ್ತಾಳೆ, "ಹೇಳ್ರೀ, ನೀವೇ ಹೇಳಿ," ಅಂತ. ಗುಮ್ಮಣ್ಣ ಲೋಟ ಕೆಳಗಿಟ್ಟು, "ಹೂಂ, ಅಭ್ಯಾಸ ಆಗಿತ್ತು," ಅನ್ನುತ್ತಾನೆ.