ಬಿರಿಯಾನಿ ಪಾತ್ರೆಯಲ್ಲಿ ಬೆಂದ ಕೊಂಬು

ಆಗೆಲ್ಲ ಶುಕ್ರವಾರ ಬಂತೆಂದರೆ ಗಲ್ಫಿನಲ್ಲಿ, ಅಲ್ ಗರಾಫಾದ ನಮ್ಮ ಫ್ಲಾಟಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಜುಮ್ಮಾ ನಮಾಜು ಮುಗಿಸಿ ನಮ್ಮೂರ ಕಡೆಯವರೆಲ್ಲ ಉಮ್ಮನ ಬಿರಿಯಾನಿಗೆ ಬರುತ್ತಿದ್ದರು. ತವರಿನಿಂದ ತಂದ ಆ ದೊಡ್ಡ ಪಾತ್ರೆಯ ಮುಚ್ಚಳ ತೆಗೆದ ಪರಿಮಳಕ್ಕೆ ಮಕ್ಕಳೆಲ್ಲ ಕೇರಂ ಬಿಟ್ಟು ಓಡುತ್ತಿದ್ದೆವು. ಅಷ್ಟನ್ನೂ ಹಾಳು ಮಾಡಿದ್ದು ಆಲ್ಪ್ಸ್ ಪರ್ವತದ ದೆವ್ವಗಳ ಮುಖವಾಡ.

ಉಪ್ಪ, ಅಂದರೆ ನನ್ನ ಅಪ್ಪ, ಬಡಗಿ. ನನಗೆ ಹತ್ತು ವರ್ಷವಿದ್ದಾಗ ಲುಸೈಲ್‌ನ ಒಂದು ಮಾಲ್‌ಗೆ ಚಳಿಗಾಲದ ಪ್ರದರ್ಶನಕ್ಕೆಂದು ಈ ಮುಖವಾಡ ಮಾಡುವ ಕೆಲಸ ಅವರ ವರ್ಕ್‌ಶಾಪಿಗೆ ಬಂತು. ಆ ಹಿಮದ ಊರುಗಳಲ್ಲಿ ಚಳಿಗಾಲ ಓಡಿಸಲು ಜನ ಕೊಂಬಿನ ದೆವ್ವಗಳ ವೇಷ ತೊಟ್ಟು ಬೀದಿಗಿಳಿಯುತ್ತಾರಂತೆ. ಅಲ್ಲಿಂದ ಬಂದ ಶಿಲ್ಪಿ, ತಾನು ಮರದಲ್ಲಿ ಕೆತ್ತಿದ ಮುಖಗಳಿಗೆ ನಿಜವಾದ ಕೊಂಬೇ ಬೇಕೆಂದ. ಉಪ್ಪ "ನಾನು ತರ್ತೇನೆ" ಎಂದು ಜಂಬ ಕೊಚ್ಚಿ, ಕಸಾಯಿಖಾನೆಯಿಂದ ಒಂದು ಚೀಲ ಆಡಿನ ಕೊಂಬು ಹೊತ್ತು ತಂದರು.

ಒಳಗಿನ ಎಲುಬು ಬಿಡಬೇಕಾದರೆ ಕೊಂಬನ್ನು ಕುದಿಸಬೇಕು. ಗುರುವಾರ ಉಮ್ಮ ಪಕ್ಕದ ಬಿಲ್ಡಿಂಗಿನ ಬಾಣಂತಿಯನ್ನು ನೋಡಲು ಹೋದದ್ದೇ ತಡ, ಉಪ್ಪ ಬಿರಿಯಾನಿ ಪಾತ್ರೆಯನ್ನೇ ಒಲೆಗೇರಿಸಿದರು. ಥೂ! ರಕ್ತ, ಕೂದಲು, ಕೊಳೆತ ಎಲುಬು ಎಲ್ಲ ಕೂಡಿದ ನಾತ. ಬೂದು ನೊರೆಯ ಮೇಲೆ ಕೂದಲಿನ ಗಂಟುಗಳು ತೇಲುತ್ತಿದ್ದವು.

"ಉಮ್ಮನಿಗೆ ಹೇಳ್ಬೇಡ ಆಯ್ತಾ? ನಾನು ಚೆಂದ ತಿಕ್ಕಿ, ನಾತ ಹೋಗ್ಲಿಕ್ಕೆ ಕಿಟಕಿ ಎಲ್ಲ ತೆರೆದು ಇಡ್ತೇನೆ. ಮುಖವಾಡ ಮೊದಲು ನಿನಗೇ ತೋರಿಸ್ತೇನೆ," ಎಂದರು ಉಪ್ಪ.

ಆ ಆಸೆಗೆ ಬಾಯಿ ಮುಚ್ಚಿಕೊಂಡೆ. ನನ್ನ ಬಗ್ಗೆ ನನಗೇ ಹೇಸಿಗೆ.

ಮರುದಿನ ಉಮ್ಮ ಅದೇ ಪಾತ್ರೆಯಿಂದ ಬಡಿಸಿದಳು. "ಇವತ್ತು ಎಂತ ರುಚಿ ಮಾರಾಯ್ತಿ!" ಎನ್ನುತ್ತಾ ಎದುರು ಮನೆಯ ಮಾಮಿ ಎಲುಬು ಚೀಪತೊಡಗಿದರು. ನನಗೆ ತಡೆಯಲಾಗಲಿಲ್ಲ. ಎಲ್ಲರ ನಡುವೆಯೇ ಕಾರಿಬಿಟ್ಟೆ.

"ಎಂತಾಯ್ತು ಮಗಳೇ?" ಉಮ್ಮ ಓಡಿಬಂದಳು.

"ಅದ್ರಲ್ಲಿ ಉಪ್ಪ ಕೊಂಬು ಬೇಯಿಸಿದ್ದು!"

ಮಾಮಿ ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿದರು. ಒಬ್ಬೊಬ್ಬರೇ "ಖಲಾಸ್, ಸಾಕು" ಎಂದು ಕೈ ತೊಳೆಯಲು ಎದ್ದರು. "ಮೂರು ಸಲ ತಿಕ್ಕಿದ್ದೇನೆ" ಎಂದ ಉಪ್ಪನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಮ್ಮ ಸೌಟು ಹಿಡಿದು ನಿಂತೇ ಇದ್ದಳು.

ಮುಂದಿನ ಶುಕ್ರವಾರ ಯಾರೂ ಬರಲಿಲ್ಲ. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಡ್ಯೂಟಿ. ಉಮ್ಮ ಪಾತ್ರೆಯನ್ನು ಎಸೆದು ಹೊಸದು ತಂದಳು, ಆದರೂ ಬರಲಿಲ್ಲ. ಮಾಲ್‌ನಲ್ಲಿ ಮಾತ್ರ ಆ ದರಿದ್ರ ಮುಖವಾಡಗಳ ಮುಂದೆ ಸೆಲ್ಫಿಗೆ ಜನ ಮುಗಿಬಿದ್ದಿದ್ದರು. ನಾನು ಮೂಗು ಮುಚ್ಚಿಕೊಂಡು ನೋಡಿ ಬಂದೆ.

ಆ ಮನೆಗಳವರು ಈಗಲೂ ಮದುವೆಗಳಲ್ಲಿ ಸಿಗುತ್ತಾರೆ, ನಗುತ್ತಾರೆ. ಉಮ್ಮನ ಅಡುಗೆಯ ಮಾತು ಯಾರೂ ಎತ್ತುವುದಿಲ್ಲ. ಶುಕ್ರವಾರ ಅವಳು ಬಿರಿಯಾನಿ ಮಾಡುವುದು ನಮ್ಮ ಮೂವರಿಗೆ. ಬಡಿಸಿ, ನಾನು ಮೊದಲ ತುತ್ತು ನುಂಗುವವರೆಗೂ ತಾನು ಮುಟ್ಟದೆ ನನ್ನ ಮುಖವನ್ನೇ ನೋಡುತ್ತಾ ಕೂತಿರುತ್ತಾಳೆ.