ಖಾಲಿ ಕಂಬಗಳ ಲೆಕ್ಕ

ನನ್ನ ಅಕ್ಕ ಕ್ಷಮಾಗುಣದವಳು ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಆರು ವರ್ಷ ಹಲ್ಲು ಕಚ್ಚಿಕೊಂಡು ಕಾದವಳು ಅವಳು.

ಉಕ್ಕಿನ ಕೊಳವೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಲೆಕ್ಕದ ಕೆಲಸ. ನಾನು ಅಲ್ಲೇ ಟೈಪಿಸ್ಟ್. ಯಾವ ಉದ್ದದ ಬಿರುಕು ಎಷ್ಟಿವೆ ಎಂದು ಎಣಿಸಿ ಅವಳು ಹಾಳೆಯ ಮೇಲೆ ಕಂಬಗಳಾಗಿ ನಿಲ್ಲಿಸುತ್ತಿದ್ದಳು. ಸಣ್ಣ ಬಿರುಕು ಸಾವಿರಾರು, ದೊಡ್ಡವು ಒಂದೋ ಎರಡೋ. ಎರಡೂ ಒಟ್ಟಿಗೆ ಕಾಣಲಿ ಎಂದು ಲಾಗ್ ಸ್ಕೇಲ್ ಹಾಕುತ್ತಾರೆ: ಒಂದು, ಹತ್ತು, ನೂರು, ಸಾವಿರ, ನಡುವೆ ಸಮ ಅಂತರ. ಆ ಸ್ಕೇಲಿನಲ್ಲಿ ಸೊನ್ನೆಗೆ ಜಾಗವೇ ಇಲ್ಲ. ಒಂದೂ ಬಿರುಕು ಸಿಗದ ಕಡೆ ಕಂಬ ಕಾಣುವುದಿಲ್ಲ.

ದೊಡ್ಡ ಬಿರುಕು ಎಷ್ಟಿರಬಹುದು ಎಂದು ಅಂದಾಜು ಮಾಡಲು ನಮ್ಮ ಸಾಹೇಬರು ಕಂಡ ಕಂಬಗಳ ತಲೆಯ ಮೇಲಷ್ಟೇ ಗೆರೆ ಎಳೆಯುತ್ತಿದ್ದರು.

"ಖಾಲಿ ಇರೋದನ್ನೂ ಲೆಕ್ಕಕ್ಕೆ ತಗೋಬೇಕು ಸರ್. ಇಲ್ಲದಿದ್ರೆ ಗೆರೆ ಕೊನೇಲಿ ಮೇಲೇ ಉಳಿದುಬಿಡುತ್ತೆ" ಎಂದಳು ಅಕ್ಕ.

"ಇಲ್ಲದ್ದನ್ನ ಎಣಿಸೋಕೆ ನಂಗೇನು ತಲೆ ಕೆಟ್ಟಿದೆಯಾ?"

ಅವರ ಗೆರೆಯ ಪ್ರಕಾರ ದೊಡ್ಡ ಬಿರುಕು ವಿಪರೀತ. ಗಟ್ಟಿಮುಟ್ಟಾದ ಕೊಳವೆಗಳೆಲ್ಲ ಗುಜರಿಗೆ ಹೋದವು. ಕಾರ್ಖಾನೆಯವರು ನಾಲ್ಕಾರು ಕೊಯ್ದು ನೋಡಿ, ದೊಡ್ಡ ಬಿರುಕು ಕಾಣದೆ ಜಗಳಕ್ಕೆ ಬಂದಾಗ ಸಾಹೇಬರು ತಪ್ಪನ್ನು ಅಕ್ಕನ ತಲೆಗೆ ಕಟ್ಟಿದರು. 'ಈಕೆಗೆ ಗೆರೆ ಎಳೆಯಲು ಬಾರದು' ಎಂಬ ಪತ್ರ ಅವಳ ಫೈಲು ಸೇರಿತು. ಅದನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸಿದ, ಪುಣ್ಯಾತ್ಮ! ಅಕ್ಕನನ್ನು ಉಗ್ರಾಣಕ್ಕೆ ಹಾಕಿದರು. ಆ ಪತ್ರ ಇರುವವರೆಗೆ ಲೆಕ್ಕದ ಮೇಜು ಅವಳಿಗೆ ಮತ್ತೆ ಸಿಗುವಂತಿರಲಿಲ್ಲ.

ಸಾಹೇಬರ ಗೆರೆ ಆರು ವರ್ಷ ಹಾಗೇ ನಡೆಯಿತು. ಕೊಯ್ದು ನೋಡುವ ಗೋಜಿಗೆ ಮತ್ತೆ ಯಾರೂ ಹೋಗಲಿಲ್ಲ. ಈ ವರ್ಷ ಹೊಸ ನಿರ್ದೇಶಕಿ ಬಂದರು. ಅಕ್ಕ ಅವರನ್ನು ಕಂಡು ಒಂದೇ ಒಂದು ಪರೀಕ್ಷೆ ಕೇಳಿದಳು. ತನಗೆ ಉತ್ತರ ಗೊತ್ತಿರುವ ಸೂತ್ರದಿಂದ ಕಂಪ್ಯೂಟರಿನಲ್ಲಿ ಸುಳ್ಳು ಬಿರುಕುಗಳ ಅಂಕಿಗಳನ್ನು ಹುಟ್ಟಿಸಿದಳು; ಉತ್ತರವನ್ನು ಲಕೋಟೆಗೆ ಹಾಕಿ ಅಂಟಿಸಿ ಅವರಿಗೆ ಕೊಟ್ಟಳು.

ಸೋಮವಾರದ ಸಭೆಯಲ್ಲಿ ನಿರ್ದೇಶಕಿ ಆ ಅಂಕಿಗಳನ್ನು ಸಾಹೇಬರ ಮುಂದಿಟ್ಟರು. ಅವರು ಮೀಸೆ ತಿರುವಿ ಗೆರೆ ಎಳೆದು, "ಹತ್ತು ಸಾವಿರಕ್ಕೆ ನಲವತ್ತು ದೊಡ್ಡ ಬಿರುಕು ಮೇಡಂ. ಎಲ್ಲಾ ಗುಜರಿಗೇ" ಎಂದರು. ಲಕೋಟೆಯಲ್ಲಿ ಇದ್ದದ್ದು ನಾಲ್ಕು. ನಿರ್ದೇಶಕಿ ಅವೇ ಅಂಕಿಗಳನ್ನು ತಮ್ಮ ಸಹಾಯಕನಿಗೆ ಕೊಟ್ಟು, ಖಾಲಿ ಕಂಬಗಳನ್ನೂ ಸೇರಿಸಿ ಗೆರೆ ಹೊಂದಿಸಲು ಹೇಳಿದರು. ಐದು ಬಂತು. ಸಾಹೇಬರ ಮುಖ ಹುಳ್ಳಗಾಯಿತು, ನನಗೋ ಹೊಟ್ಟೆಗೆ ಹಾಲು ಹುಯ್ದಂತಾಯಿತು.

"ನಿವೃತ್ತಿಗೆ ಎರಡೇ ತಿಂಗಳಿದೆ, ಬಿಟ್ಟುಬಿಡಮ್ಮಾ" ಎಂದು ಮರುದಿನ ಸಾಹೇಬರು ಉಗ್ರಾಣಕ್ಕೇ ಬಂದು ಅಂಗಲಾಚಿದರು.

"ಆ ಗೆರೆ ಎಳೆದೋರು ಯಾರು ಅಂತ ಬರೆದುಕೊಡಿ ಸರ್."

ಬರೆದುಕೊಟ್ಟರು. ಅಕ್ಕ ಅದನ್ನು ಕೂಡಲೇ ಫೈಲಿಗೆ ಹಾಕಲಿಲ್ಲ. ಊಟದ ಹೊತ್ತಿಗೆ ಎಲ್ಲರನ್ನೂ ಸಭಾಂಗಣಕ್ಕೆ ಕರೆದು ಸಾಹೇಬರ ಕೈಗೇ ಕೊಟ್ಟು, "ಓದಿ" ಎಂದಳು. ಓದಿದರು. ನನಗೆ ಪಾಪ ಅನ್ನಿಸಲಿಲ್ಲ, ಎಳ್ಳಷ್ಟೂ ಇಲ್ಲ.

ಮುಗಿಸಿ ಕುಳಿತುಕೊಳ್ಳಲು ಹೊರಟವರನ್ನು ಅಕ್ಕ ತಡೆದಳು.

"ಹಿಂದೆ ಇರೋರಿಗೆ ಕೇಳಿಸಲಿಲ್ಲ ಸರ್. ಮೊದಲಿಂದ ಓದಿ."